ಮೀನಿಗೆ ನಿನ್ನೆಯ ನೀರು

ಫೋನಿನಲ್ಲಿ ‘ಮೀನು’ ಎಂದು ಒತ್ತಿದರೆ ಪಕ್ಕದಲ್ಲೇ ಒಂದು ನೀಲಿ ಮೀನಿನ ಚಿತ್ರ ಬಂದು ನಿಲ್ಲುತ್ತದೆ. ಬೇಡವೆಂದರೂ ಬರುತ್ತದೆ. ಆಗ ನಮ್ಮ ಮನೆಯಲ್ಲಿದ್ದದ್ದು ನೀಲಿ ಅಲ್ಲ, ಕಿತ್ತಳೆ ಬಣ್ಣದ್ದು, ನನ್ನ ಹೆಬ್ಬೆರಳಿಗಿಂತ ತುಸು ಉದ್ದ. ಬಾಲ ಮಾತ್ರ ರೇಷ್ಮೆ ಸೆರಗಿನ ಹಾಗೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಮಾನ್ವಿಯಿಂದ ಮದುವೆಯಾಗಿ ರಾಯಚೂರಿಗೆ ಬಂದವಳು. ಗಂಡ ದೇವದುರ್ಗದ ಹೈಸ್ಕೂಲಿನಲ್ಲಿ ಮಾಸ್ತರರು. ಸೋಮವಾರ ನಸುಕಿನ ಬಸ್ಸಿಗೆ ಹೋದರೆ ಶನಿವಾರ ಮಧ್ಯಾಹ್ನವೇ ತಿರುಗಿ ಬರುವುದು. ಉಳಿದ ದಿನ ಮನೆಯಲ್ಲಿ ಅತ್ತೆ ಮತ್ತು ನಾನು. ಅತ್ತೆ ಕಟ್ಟಾ ಮಡಿಯವರು. ಅವರು ಅಡುಗೆಮನೆ ಮತ್ತು ದೇವರ ಮನೆಯ ನಡುವೆ ಇರುತ್ತಿದ್ದರು, ನಾನು ಪಡಸಾಲೆಯಲ್ಲಿ. ಮಾತಾಡಲು ಯಾರೂ ಇರಲಿಲ್ಲ. ತವರಿನಲ್ಲಿದ್ದಾಗ ಚೀಕಲಪರ್ವಿಗೆ ಹೋದರೆ ಹೊಳೆಯ ಕಲ್ಲಿನ ಮೇಲೆ ಕೂತು ಮೀನುಗಳಿಗೆ ಮಂಡಾಳು, ಅದೇ ಮಂಡಕ್ಕಿ, ಎಸೆಯುವುದೇ ನನ್ನ ಕೆಲಸವಾಗಿತ್ತು. ಅದನ್ನು ಗಂಡನಿಗೆ ಯಾವಾಗಲೋ ಹೇಳಿದ್ದೆ. ಗೆಳೆಯನ ಮದುವೆಗೆಂದು ಹೈದರಾಬಾದಿಗೆ ಹೋದವರು, ಪ್ಲಾಸ್ಟಿಕ್ ಚೀಲದಲ್ಲಿ ನೀರು ಕಟ್ಟಿಸಿಕೊಂಡು, ರೈಲಿನುದ್ದಕ್ಕೂ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಈ ಮೀನನ್ನು ತಂದರು.

ಗಾಜಿನ ಪೆಟ್ಟಿಗೆ ಮಾಡಿಕೊಟ್ಟವರು ತೀನ್ ಕಂದೀಲ್ ವೃತ್ತದ ಹತ್ತಿರ ದೇವರ ಫೋಟೋಗಳಿಗೆ ಕಟ್ಟು ಹಾಕುತ್ತಿದ್ದ ಸಾಹೇಬರು. “ದೇವರಿಗೆ ಗಾಜು ಹಾಕೀನ್ರಿ ಅಮ್ಮಾ, ನೀರಿಗೆ ಹಾಕಿಲ್ಲ. ಸೋರಿದ್ರ ಬೈಬ್ಯಾಡ್ರಿ,” ಎಂದು ಮೊದಲೇ ಹೇಳಿ ಕೈ ತೊಳೆದುಕೊಂಡರು. ಸೋರಲಿಲ್ಲ. ಸೋರಿದ್ದು ಅತ್ತೆಯ ತಾಳ್ಮೆ.

“ಮೀನಾ? ನಮ್ಮ ಮನ್ಯಾಗ?”

“ಅತ್ಯಾರ, ದೇವರ ಮೊದಲ್ನೇ ಅವತಾರ ಇದ ಅಲ್ಲೇನ್ರಿ?”

“ಹೌದು. ಅವತಾರ ಮುಗಿಸಿ ದೇವರು ತನ್ನ ಪಾಡಿಗೆ ತಾ ಹೋದ. ಯಾರ ಮನಿ ಪಡಸಾಲ್ಯಾಗೂ ಠಿಕಾಣಿ ಹೂಡಲಿಲ್ಲ.”

ಕೊನೆಗೆ ಮಗನ ಮುಖ ನೋಡಿ ಒಪ್ಪಿದರು. ಆದರೆ ಒಂದು ಕರಾರು ಹಾಕಿದರು. “ಇದು ಈ ಮನ್ಯಾಗ ಸತ್ತಿತು ಅಂದ್ರ ಆವತ್ತೇ ಪೆಟ್ಟಿಗಿ ಹೊರಗ. ಮತ್ತೊಂದು ಬೇಕಂತ ನೀ ಕೇಳಂಗಿಲ್ಲ, ಅವ ತರಂಗಿಲ್ಲ.” ನಾನು ಗೋಣು ಹಾಕಿದೆ. ಸಾಯುವುದು ನನಗೆ ಆಗ ಬಹಳ ದೂರದ ಸಂಗತಿಯಾಗಿತ್ತು.

ಬೇಸಿಗೆ ಬಂತು. ಒಂದು ದಿನ ಮಾಳಿಗೆಯ ಮೇಲೆ ಸಂಡಿಗೆ ಹಾಕಿ ಕೆಳಗಿಳಿದು ಬಂದೆ. ಪೆಟ್ಟಿಗೆಯ ಮೇಲಿನ ತಗಡು ಓರೆಯಾಗಿತ್ತು. ಪಕ್ಕದ ಮನೆಯ ಬೆಕ್ಕು ಶಹಾಬಾದ್ ಕಲ್ಲಿನ ನೆಲದ ಮೇಲೆ ಏನನ್ನೋ ಅತ್ತಿಂದಿತ್ತ ಉರುಳಿಸುತ್ತಿತ್ತು. ನಾನು ಚೀರಿದ ರಭಸಕ್ಕೆ ಬೆಕ್ಕು ಕಿಟಕಿ ಹಾರಿತು. ಸೆರಗು ಒದ್ದೆ ಮಾಡಿ ಮೀನನ್ನು ಎತ್ತಿ ನೀರಿಗೆ ಬಿಟ್ಟೆ.

“ಏನಾತು?” ದೇವರ ಮನೆಯಿಂದ ಅತ್ತೆಯ ದನಿ.

“ಏನಿಲ್ರಿ ಅತ್ಯಾರ, ಬೆಕ್ಕು ಬಂದಿತ್ತು.”

“ಹಾಲು ಕುಡೀತೇನು?”

“ಇಲ್ರಿ.”

ಹಾಲು ಕುಡಿದಿರಲಿಲ್ಲ, ನಿಜ.

ಮೀನು ಒಂದು ಕಡೆಗೆ ವಾಲಿಕೊಂಡು ತಳದಲ್ಲಿ ನಿಂತಿತ್ತು. ಎಡಮಗ್ಗುಲಲ್ಲಿ ಹುರುಪೆ ಕಿತ್ತು ಒಳಗಿನ ಬಿಳಿ ಮಾಂಸ ಕಾಣುತ್ತಿತ್ತು. ರೇಷ್ಮೆ ಸೆರಗಿನಂಥ ಬಾಲ ಅರ್ಧ ಹರಿದು ಎಳೆ ಎಳೆಯಾಗಿತ್ತು. ನಮ್ಮ ಮನೆಯಲ್ಲಿ ಯಾವ ಗಾಯಕ್ಕೂ ಮೊದಲು ಅರಿಶಿನ. ಮೀನನ್ನು ಹಿಡಿದು ಗಾಯಕ್ಕೆ ಅರಿಶಿನ ಮೆತ್ತಿದೆ. ಬಿಟ್ಟ ಕೂಡಲೇ ಅರಿಶಿನವೆಲ್ಲ ನೀರಿಗೆ ಹೋಗಿ ಪೆಟ್ಟಿಗೆ ತುಂಬ ಓಕುಳಿಯಾಯಿತು. ಮೀನಿನ ಮೈಮೇಲೆ ಪಟ್ಟೆ ಪಟ್ಟೆ ಉಳಿದು ಮೊಹರಂ ಹುಲಿವೇಷದ ಹಾಗೆ ಕಾಣುತ್ತಿತ್ತು. ಅತ್ತೆ ಹೊರಗೆ ಬಂದು ನೋಡಿದರು. ಎಲ್ಲವೂ ತಿಳಿಯಿತು. ಒಂದೇ ಮಾತು ಅಂದರು: “ಕರಾರು ನೆನಪದ ಅಲ್ಲ?”

ಮರುದಿನ ಹಿತ್ತಾಳೆ ತಂಬಿಗೆಯಲ್ಲಿ ಮೀನನ್ನು ಹಾಕಿಕೊಂಡು, ಮೇಲೆ ಸೆರಗು ಮುಚ್ಚಿಕೊಂಡು ದನದ ದವಾಖಾನೆಗೆ ಹೋದೆ. ಅಲ್ಲಿ ನನ್ನ ಮುಂದೆ ಎಮ್ಮೆಗಳು, ಹಿಂದೆ ಒಂದು ಎತ್ತು. ಎಮ್ಮೆ ಹಿಡಿದು ನಿಂತಿದ್ದ ಮುದುಕನೊಬ್ಬ ತಂಬಿಗೆಯೊಳಗೆ ಇಣುಕಿ, “ಯವ್ವಾ, ಇದು ಹೊತ್ತಿಗೆ ಎಷ್ಟು ಹಾಲು ಕೊಡ್ತದ?” ಎಂದ.

“ಗಬ್ಬ ಅದ, ಈಗ ಕರ್ಯಂಗಿಲ್ಲ,” ಎಂದೆ. ತಂಬಿಗೆಯ ಮೇಲೆ ಮತ್ತೆ ಸೆರಗು ಎಳೆದುಕೊಂಡೆ.

ಡಾಕ್ಟರು ಎಳೆಯ ವಯಸ್ಸಿನವರು. ತಂಬಿಗೆಯನ್ನು ಬೆಳಕಿಗೆ ಹಿಡಿದು ನೋಡಿದರು. “ಖರೇ ಹೇಳ್ಲೇನ್ರಿ? ಮೀನಿನ ಪಾಠ ಮಾಡಿದ ದಿನ ನಾ ಕ್ಲಾಸಿಗೆ ಹೋಗಿದ್ದಿಲ್ಲ. ಒಂದ್ ಮುಟಿಗಿ ಕಲ್ಲುಪ್ಪು ನೀರಿಗೆ ಹಾಕ್ರಿ. ಆಮ್ಯಾಲ ಅದರ ಪಾಡಿಗೆ ಅದನ್ನ ಬಿಟ್ಟುಬಿಡ್ರಿ.”

ಉಪ್ಪು ಹಾಕುವುದು ನನಗೆ ಬರುತ್ತಿತ್ತು. ಬಿಟ್ಟುಬಿಡುವುದು ಬರುತ್ತಿರಲಿಲ್ಲ.

ಅದಕ್ಕೆ ಕಾರಣ ಇತ್ತು. ಅತ್ತೆಯ ಮನೆಯಲ್ಲಿ ನಿನ್ನೆಯ ನೀರು ಇವತ್ತಿಗೆ ಆಗುತ್ತಿರಲಿಲ್ಲ. ಬೆಳಿಗ್ಗೆ ಎದ್ದರೆ ಹಂಡೆ, ಕೊಡ, ತಂಬಿಗೆ, ಪಂಚಪಾತ್ರೆ ಎಲ್ಲ ಬೋರಲು ಹಾಕಿ, ಬೂದಿ ಹಚ್ಚಿ ತಿಕ್ಕಿ, ನಳದಿಂದ ಹೊಸ ನೀರು ತುಂಬಬೇಕು. ನಾನು ಆ ಮನೆಯಲ್ಲಿ ಮೊದಲು ಕಲಿತ ಕೆಲಸವೇ ಅದು. ಮೀನಿನ ನೀರನ್ನು ಮಾತ್ರ ಅಲ್ಲಿಯವರೆಗೆ ಶನಿವಾರ ಗಂಡ ಬಂದಾಗ ಅರ್ಧ ಬದಲಿಸುತ್ತಿದ್ದೆವು. ಈಗ ಗಾಯವಾದ ಜೀವ. ಗಾಯ ತೊಳೆದ ನೀರಿನಲ್ಲೇ ಅದನ್ನು ಬಿಡುವುದುಂಟೇ? ದಿನಾ ಬೆಳಿಗ್ಗೆ ಮೀನನ್ನು ಬೋಗುಣಿಗೆ ಹಾಕಿ, ಪೆಟ್ಟಿಗೆಯ ನೀರು ಪೂರಾ ಚೆಲ್ಲಿ, ಗಾಜು ತಿಕ್ಕಿ, ಬ್ಲೀಚಿಂಗ್ ಪೌಡರಿನ ವಾಸನೆ ಹೊಡೆಯುವ ಹೊಸ ನಳದ ನೀರು ತುಂಬುತ್ತಿದ್ದೆ. ಆ ವಾಸನೆ ಮೂಗಿಗೆ ಬಂದರೆ ನನಗೆ ಸಮಾಧಾನ. ದವಾಖಾನೆಯ ವಾಸನೆಯಂತೆ ಇರುತ್ತಿತ್ತಲ್ಲ.

ಮೀನು ದಿನದಿಂದ ದಿನಕ್ಕೆ ಇಳಿಯಿತು. ಗಾಯದ ಮೇಲೆ ಹತ್ತಿಯ ಎಳೆಯಂಥ ಬಿಳಿ ಬೂಷ್ಟು ಬಂತು. ಕಿವಿರು ಬಹಳ ಜೋರಾಗಿ ತೆರೆದು ಮುಚ್ಚುತ್ತಿತ್ತು, ಓಡಿ ಬಂದವರು ಏದುಸಿರು ಬಿಡುವ ಹಾಗೆ. ಮಂಡಾಳು ಹಾಕಿದರೆ ಮೇಲೆ ಬಾರದು. ಶನಿವಾರ ಬಂದ ಗಂಡ ಬಹಳ ಹೊತ್ತು ಅದರ ಮುಂದೆ ಕೂತರು. ಸೋಮವಾರ ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, “ನಾ ತಿರುಗಿ ಬರೋತನ ಇರ್ತದೇನು?” ಎಂದು ನನ್ನ ಮುಖ ನೋಡದೆ ಕೇಳಿದರು. ಅವತ್ತಿನಿಂದ ಇನ್ನೂ ಹೆಚ್ಚು ತಿಕ್ಕಿದೆ.

ಹೀಗಿರುವಾಗಲೇ ಒಂದು ಬೆಳಿಗ್ಗೆ, ನೀರು ತುಂಬಿ ಉಪ್ಪು ಹಾಕಿ ಇನ್ನೂ ಕೈ ಒರೆಸಿಕೊಂಡಿಲ್ಲ, ನಾನು ಹೊರಗಾದೆ. ಮುಟ್ಟಾದ ಹೆಂಗಸು ನಮ್ಮ ಮನೆಯಲ್ಲಿ ತಲೆಗೆ ನೀರು ಹಾಕಿಕೊಳ್ಳುವವರೆಗೆ ಯಾವುದನ್ನೂ ಮುಟ್ಟುವ ಹಾಗಿಲ್ಲ. ಪಡಸಾಲೆಯ ಪಕ್ಕದ ಸಣ್ಣ ಕೋಣೆ, ಒಂದು ಚಾಪೆ, ಒಂದು ಚೊಂಬು. ಅಲ್ಲಿಂದ ಬಾಗಿಲ ಸಂದಿನಲ್ಲಿ ಪೆಟ್ಟಿಗೆಯ ಒಂದು ಮೂಲೆ ಮಾತ್ರ ಕಾಣುತ್ತಿತ್ತು.

“ಅತ್ಯಾರ, ನಾಳಿಗೆ ಮೀನಿನ ನೀರು...”

“ಮಡಿಯಾಗ ಮೀನಿನ ನೀರು ಮುಟ್ಟು ಅಂತೀಯೇನು ನನಗ?”

“ಅಲ್ರಿ, ಸತ್ತು ಹೋದ್ರ?”

“ಸತ್ರ ಕರಾರು ಅದ.”

“ಎರಡು ಕಾಳು ಮಂಡಾಳರೆ ಹಾಕ್ರಿ.”

“ಇವತ್ತ ಏಕಾದಶಿ. ನನಗಿಲ್ಲ, ಅದಕ್ಯಾಕ?”

ಮೀನು ಏಕಾದಶಿ ಮಾಡಿತು. ನಾನು ಚಾಪೆಯ ಮೇಲೆ ಕೂತು ಬೆವರಿದೆ. ಆ ಮೂಲೆಗೆ ಕಿತ್ತಳೆ ಬಣ್ಣ ಬಂದರೆ ಉಸಿರು ಬಿಡುತ್ತಿದ್ದೆ, ಹೋದರೆ ಮತ್ತೆ ಹಿಡಿಯುತ್ತಿದ್ದೆ. ಮರುದಿನ ನೀರು ಬದಲಾಗಲಿಲ್ಲ. ಬೆಳಕು ಬಿದ್ದಾಗ ನೀರು ತುಸು ಮಬ್ಬಾದಂತೆ ಕಂಡಿತು. ಅತ್ತೆ ಹಿತ್ತಲಿಗೆ ಹೋದ ಹೊತ್ತು ನೋಡಿ, ಬಾಗಿಲಿಗೆ ಒರಗಿಸಿದ್ದ ಕಾಗೆ ಓಡಿಸುವ ಕೋಲನ್ನು ಹೊರಗೆ ಚಾಚಿ, ಕೂತಲ್ಲಿಂದಲೇ ಪೆಟ್ಟಿಗೆಯನ್ನು ನನ್ನ ಕಡೆ ತಿರುಗಿಸಲು ನೋಡಿದೆ.

“ಕೋಲಿನಿಂದ ಮುಟ್ಟಿದ್ರೂ ಮುಟ್ಟಿದಂಗ,” ಹಿತ್ತಲ ಬಾಗಿಲಲ್ಲಿ ನಿಂತು ಅತ್ತೆ ಅಂದರು. “ಎಂಥಾ ಹಲ್ಕಟ್ ಬುದ್ಧಿ ಅದ ನಿನಗ.”

ಕೋಲು ಒಳಗೆ ಎಳೆದುಕೊಂಡೆ.

ಅದರ ಮರುದಿನ ಆ ಮೂಲೆಗೆ ಮೀನು ಬರಲೇ ಇಲ್ಲ. ಬೆಳಿಗ್ಗೆ ಇಲ್ಲ, ಊಟದ ಹೊತ್ತಿಗೂ ಇಲ್ಲ. ಅತ್ತೆ ನನ್ನ ಬಾಳೆ ಎಲೆಗೆ ಮೇಲಿನಿಂದ ಅನ್ನ ಹಾಕಿದರು. ನಾನು ಕೈ ಹಚ್ಚಲಿಲ್ಲ.

“ಉಣ್ಣು.”

“ಒಲ್ಲೆ.”

“ಮೀನು ಸತ್ತದಂತ ತಿಳ್ಕೊಂಡೀಯೇನು?”

ಕಣ್ಣೀರು ಅನ್ನದ ಮೇಲೆ ಬಿತ್ತು. ಅತ್ತೆ ಗೋಡೆಗೆ ಆನಿಸಿದ್ದ ಮಡಿಕೋಲನ್ನು ತೆಗೆದುಕೊಂಡರು. ಮಡಿಬಟ್ಟೆಯನ್ನು ಕೈ ತಾಗಿಸದೆ ಮೇಲಿನ ಗಳುವಿನ ಮೇಲೆ ಹರವುವ ಉದ್ದನೆಯ ಕೋಲು ಅದು. ನನಗೆ ಅದರ ನೆರಳನ್ನೂ ಸೋಕಿಸಲು ಬಿಡುತ್ತಿರಲಿಲ್ಲ. ಅದರ ತುದಿಯಿಂದ ಗಾಜನ್ನು ಟಕಟಕ ಬಡಿದರು.

ಮೀನು ಚಿಮ್ಮಿ ಈ ಮೂಲೆಗೆ ಬಂತು. ವಾಲದೆ ಬಂತು.

“ಜೀವ ಅದ. ಸಾಕೇನು?” ಎಂದ ಅತ್ತೆ ಅಲ್ಲಿಂದ ಸರಿಯಲಿಲ್ಲ. ಕೋಲು ಊರಿಕೊಂಡು ಬಗ್ಗಿದರು. “ಏ, ಇಲ್ಲಿ ನೋಡು. ಬಿಳೇದು ಹೋಗ್ಯದ. ಬಾಲದ ಅಂಚಿಗೆ ಏನೋ ತೆಳ್ಳಗ ಚಿಗುರಾಕತ್ತದ.”

“ನಂಗ ಕಾಣಂಗಿಲ್ರಿ.”

“ನಂಗ ಕಾಣ್ತದ. ಉಣ್ಣು.”

ಉಂಡೆ. ಅವರು ಹೋಗಿ ಮಡಿಕೋಲನ್ನು ತೊಳೆದು ಬಿಸಿಲಿಗೆ ಇಟ್ಟು, ತಾವೂ ಇನ್ನೊಮ್ಮೆ ಸ್ನಾನ ಮಾಡಿ ಬಂದರು. ಆ ಮಧ್ಯಾಹ್ನ ನನಗೆ ನಿದ್ದೆ ಹತ್ತಿದೆಯೆಂದು ತಿಳಿದು, ಮುಟಿಗೆ ಎತ್ತರಕ್ಕೆ ಹಿಡಿದು ಪೆಟ್ಟಿಗೆಗೆ ಮಂಡಾಳು ಉದುರಿಸುತ್ತಾ, “ದ್ವಾದಶಿ ಪಾರಣಿ ನಿನ್ನಿಗೇ ಆಗಬೇಕಿತ್ತವಾ, ನಾನ ಮರೆತೆ,” ಎಂದು ಮೀನಿಗೆ ಹೇಳಿದರು. ನಾನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಇದ್ದೆ.

ತಲೆಗೆ ನೀರು ಹಾಕಿಕೊಂಡ ಬೆಳಿಗ್ಗೆ, ಒದ್ದೆ ಕೂದಲು ಗಂಟು ಹಾಕಿಕೊಂಡು ಮೊದಲು ಓಡಿದ್ದು ಪೆಟ್ಟಿಗೆಯ ಹತ್ತಿರ. ಹರಿದ ಬಾಲದ ಅಂಚಿನಲ್ಲಿ ಗಾಜಿನಂಥ ತೆಳುವಾದ ಪೊರೆ ಮೂಡಿತ್ತು. ಗಾಯ ಕೂಡುತ್ತಿತ್ತು. ಡಾಕ್ಟರು ಹೇಳಿದ ಉಪ್ಪನ್ನು ನಾನು ದಿನಾ ಹಾಕುತ್ತಿದ್ದುದೇನೋ ಹೌದು, ದಿನಾ ಚೆಲ್ಲಿ, ಬ್ಲೀಚಿಂಗ್ ವಾಸನೆಯ ಹೊಸ ನೀರಿಗೆ ಮೀನನ್ನು ಬಿಡುತ್ತಲೂ ಇದ್ದೆನಲ್ಲ. ಅದು ತಲೆಗೆ ಹೊಳೆಯಿತು. ಆದರೆ ಕೈಗೆ ಹೊಳೆಯಲಿಲ್ಲ. ಕೈ ತಾನಾಗಿ ಬೋಗುಣಿ ಹುಡುಕಿತು, ಬಕೆಟ್ಟು ಹಿಡಿಯಿತು.

ಅತ್ತೆ ಅಡ್ಡ ಬಂದರು. “ಎಲ್ಲಿಗೆ?”

“ನೀರು ಚೆಲ್ಲಾಕ.”

“ಮುಟ್ಟಬ್ಯಾಡ.”

“ನಿನ್ನಿ ನೀರು ಅತ್ಯಾರ. ಮೊನ್ನಿದೂ ಅದ.”

“ಇರಲಿ,” ಎಂದರು. “ನೀ ದಿನಾ ತಿಕ್ಕಿ ತಿಕ್ಕಿ ಅದನ್ನ ಕೊಲ್ಲಾಕತ್ತಿದ್ದಿ. ನಾ ಮುಟ್ಟಲಿಲ್ಲ, ಅದಕ್ಕ ಬದುಕ್ತು.”

ನಾನು ಬಕೆಟ್ಟು ಹಿಡಿದುಕೊಂಡೇ ನಕ್ಕೆ. ಅವರು ನಗಲಿಲ್ಲ. ಬಕೆಟ್ಟು ಕಸಿದುಕೊಂಡು ಬಚ್ಚಲಿಗೆ ನಡೆದರು. ಆ ಬೆಳಿಗ್ಗೆಯೂ ಹಂಡೆ, ಕೊಡ, ತಂಬಿಗೆ ಎಲ್ಲ ಎಂದಿನಂತೆ ಬೋರಲಾದವು. ಅತ್ತೆಯ ಮನೆಯಲ್ಲಿ ನಿನ್ನೆಯ ನೀರು ಉಳಿದದ್ದು ಆ ಗಾಜಿನ ಪೆಟ್ಟಿಗೆಯಲ್ಲಿ ಮಾತ್ರ, ಅದರೊಳಗೆ ಸೊಟ್ಟ ಬಾಲದ ಮೀನು ಸುತ್ತು ಹಾಕುತ್ತಿತ್ತು.