ಮೇಷ್ಟ್ರುಗಳಿಗೆ ಪಾಠ ಹೇಳುವ ಫಾರಂ ಅಕ್ಕ

ಬೆಳಗಿನ ಆರೂವರೆ. ವಿಶ್ವವಿದ್ಯಾಲಯದ ತರಬೇತಿ ಕೋಣೆಯಲ್ಲಿ ಫಾರಂ ಅಕ್ಕ ಒಬ್ಬರೇ ಕುರ್ಚಿ ಎಳೆಯುತ್ತಿದ್ದಾರೆ. ಹಿಂದಿನ ಎರಡು ಸಾಲನ್ನು ಎತ್ತಿ ಗೋಡೆಗೆ ಪೇರಿಸಿಬಿಡುತ್ತಾರೆ. "ಬಿಟ್ರೆ ಎಲ್ಲ ಅಲ್ಲೇ ಕೂರ್ತಾರೆ. ಡಾಕ್ಟರೇಟ್ ಆದ್ರೂ ಹಿಂದಿನ ಬೆಂಚಿನ ಚಾಳಿ ಹೋಗಲ್ಲ."

ಪ್ರಯೋಗಾಲಯದಲ್ಲಿ ಹೊಸದೇನಾದರೂ ಹುಟ್ಟಿದರೆ ಅದರ ಹಕ್ಕು ಕಾಪಾಡುವುದು ಹೇಗೆ, ಹೊರಗಿನ ಜನಕ್ಕೆ ಮುಟ್ಟಿಸುವುದು ಹೇಗೆ ಎಂದು ಅಧ್ಯಾಪಕರಿಗೆ ಕಲಿಸುವುದು ಇವರ ಕೆಲಸ. ಸೇರಿದ್ದು ಟೈಪಿಸ್ಟಾಗಿ. ಹನ್ನೊಂದು ವರ್ಷ ಪೇಟೆಂಟ್ ಅರ್ಜಿಯ ಫಾರಂ ಕುಟ್ಟಿ ಕುಟ್ಟಿ ಅದರ ಒಳಹೊರಗೆಲ್ಲ ಬೆರಳಿಗಂಟಿದೆ. ಕಲಿಸಬೇಕಾದ ಅಧಿಕಾರಿಗೆ ಸಭೆಗಳಿಂದ ಪುರುಸೊತ್ತಿಲ್ಲ. ಪಾಠ ಇವರ ಕೊರಳಿಗೆ ಬಿತ್ತು, ಹುದ್ದೆ ಮಾತ್ರ ಟೈಪಿಸ್ಟಿನದೇ ಉಳಿಯಿತು. ಇಲ್ಲಿಯವರೆಗೆ ಇನ್ನೂರ ಹತ್ತು ಮಂದಿ ಇವರ ಕೈಯಲ್ಲಿ ಪಳಗಿದ್ದಾರೆ. ಪ್ರಮಾಣಪತ್ರದ ಸಹಿ ಆ ಅಧಿಕಾರಿಯದು! ಮನೆಯಲ್ಲಿ ಅತ್ತೆಗಂತೂ ನಂಬಿಕೆಯೇ ಇಲ್ಲ: "ಪ್ರೊಫೆಸರಿಗೆ ನೀನು ಪಾಠ ಹೇಳ್ತೀಯಾ? ಹಾಗಾದ್ರೆ ಅವರು ಓದಿದ್ದೇನೇ?"

ಇವತ್ತು ಹತ್ತಕ್ಕೆ ಸಸ್ಯವಿಜ್ಞಾನದ ಪ್ರೊಫೆಸರ್ ತಮ್ಮ ಬೀಜ ಒಣಗಿಸುವ ಪೆಟ್ಟಿಗೆಯ ಬಗ್ಗೆ ಭಾಷಣ ಬಿಗಿಯಲಿದ್ದಾರೆ. ಅರ್ಜಿ ಇನ್ನೂ ಹೋಗಿಲ್ಲ. ಅದಕ್ಕೂ ಮೊದಲೇ ವೇದಿಕೆಯಲ್ಲಿ ಗುಟ್ಟು ರಟ್ಟಾದರೆ ಹಕ್ಕು ಗೋವಿಂದ. ಒಂಬತ್ತೂಕಾಲಿಗೆ, ತುಂಬಿದ ತರಗತಿಯ ಎದುರು, ಅವರು ಫಾರಂ ಅಕ್ಕನತ್ತ ಅರ್ಜಿ ಚಾಚುತ್ತಾರೆ. ಕಂಡುಹಿಡಿದವರ ಕಾಲಮಿನಲ್ಲಿ ಮೂರು ಹೆಸರು. ತಮ್ಮದು, ವಿಭಾಗದ ಮುಖ್ಯಸ್ಥರದು, ಡೀನ್‌ರದು.

"ಡೀನ್ ಏನ್ ಮಾಡಿದ್ರು ಸಾರ್?"

"ಲ್ಯಾಬ್ ಉದ್ಘಾಟನೆಗೆ ಬಂದಿದ್ರು."

"ಬಂದೋರ ಹೆಸರೆಲ್ಲ ಹಾಕೋಕೆ ಇದೇನು ಮದುವೆ ಕಾಗದಾನಾ? ಮುಖ್ಯಸ್ಥರು?"

"ಪೆಟ್ಟಿಗೆ ಮಾಡೋದೇ ಬೇಡ ಅಂದಿದ್ರು. ಆಮೇಲೆ ಒಪ್ಪಿದ್ರು."

"ಸರಿ. ಮುಚ್ಚಳ ಓರೆ ಇರಬೇಕು ಅಂತ ಹೊಳೆದದ್ದು ಯಾರಿಗೆ?"

ಪ್ರೊಫೆಸರ್ ಫ್ಯಾನಿನ ರೆಕ್ಕೆ ಎಣಿಸುತ್ತಾರೆ. "ಅದು... ವರ್ಕ್‌ಶಾಪಿನ ವೆಲ್ಡರ್‌ಗೆ."

"ಕರ್ಕೊಂಡು ಬನ್ನಿ."

"ಮೇಡಂ, ಟೈಮಿಲ್ಲ!"

"ನಿಜವಾಗಿ ಕಂಡುಹಿಡಿದವನನ್ನ ಬಿಟ್ರೆ ನಾಳೆ ಪೇಟೆಂಟೇ ಬಿದ್ದುಹೋಗುತ್ತೆ. ಓಡಿ ಸಾರ್."

ಪ್ರೊಫೆಸರ್ ಓಡುತ್ತಾರೆ. ಕಪ್ಪು ಕನ್ನಡಕ ಹಣೆಗೇರಿಸಿಕೊಂಡ ವೆಲ್ಡರ್, ತಾನೇನೋ ಮುರಿದಿರಬೇಕೆಂಬ ಮುಖ ಹೊತ್ತು ಬಾಗಿಲಲ್ಲಿ ನಿಲ್ಲುತ್ತಾನೆ.

"ಆವಿ ಮೇಲೆ ಹೋಗಿ, ಹನಿಯಾಗಿ ಬೀಜದ ಮೇಲೇ ಬೀಳ್ತಿತ್ತು ಅಕ್ಕ. ಮೂರು ತಿಂಗಳಾದ್ರೂ ಒಣಗಲಿಲ್ಲ, ಮೊಳಕೆ ಬಂತು. ಓರೆ ಮಾಡ್ದೆ, ನೀರು ಪಕ್ಕಕ್ಕೆ ಹರೀತು. ಅಷ್ಟೇ."

ಆ 'ಅಷ್ಟೇ'ಗೆ ಒಂದು ಇಡೀ ವಿಭಾಗದ ಪದವಿಗಳು ಸಾಲದೆ ಹೋಗಿದ್ದವು. ಫಾರಂ ಅಕ್ಕ ಎರಡು ಹೆಸರು ಹೊಡೆದು ಒಂದು ಸೇರಿಸುತ್ತಾರೆ. ಒಂಬತ್ತು ಐವತ್ತೆರಡಕ್ಕೆ ಅರ್ಜಿ ರವಾನೆಯಾಗುತ್ತದೆ. ಪ್ರೊಫೆಸರ್ ಸಭಾಂಗಣದ ಕಡೆ ಮತ್ತೆ ಓಟ.

ವೆಲ್ಡರ್ ಸಹಿ ಮಾಡಿದ ಪ್ರತಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾನೆ. "ಇದನ್ನ ಮನೇಲಿ ತೋರಿಸ್ಬಹುದಾ ಅಕ್ಕ?"

"ಧಾರಾಳವಾಗಿ ತೋರಿಸು. ಪೆಟ್ಟಿಗೆ ಬಗ್ಗೆ ಕೇಳಿದ್ರೂ ಹೇಳು, ಅರ್ಜಿ ಹೋಯ್ತಲ್ಲ, ಇನ್ನು ಗುಟ್ಟೇನಿಲ್ಲ."

ಫಾರಂ ಅಕ್ಕನ ಆಸೆ ದೊಡ್ಡದಲ್ಲ. "ಮುಂದಿನ ಅರ್ಜೀಲಿ ಇಂಥ ಹೆಸರನ್ನ ನಾನು ಕೇಳೋಕೆ ಮೊದಲೇ ಅವರೇ ಬರೆದು ತರ್ಲಿ. ಆಗ ನನ್ನ ಕೆಲಸ ಹೋದ್ರೂ ಸಂತೋಷ." ಹೇಳಿ ತಾವೇ ನಗುತ್ತಾರೆ. "ಹೋಗಲ್ಲ ಬಿಡಿ. ಇನ್ನೂ ಹದಿನೆಂಟು ವಿಭಾಗ ಬಾಕಿ ಇದೆ."