ಹನ್ನೆರಡನೆಯ ಬೀಜ

ಕಂಟೋನ್ಮೆಂಟಿನ ಬಂಗಲೆಯೊಂದರ ತೋಟ ನೋಡಿಕೊಳ್ಳುತ್ತಿದ್ದ ಉಚ್ಚೆಂಗೆಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ, ಎಲೆ ಓದಲು ಬರುತ್ತಿತ್ತು. ಬೆಳಗ್ಗೆ ಅರಳಿ ಮಧ್ಯಾಹ್ನಕ್ಕೆ ಮುದುಡುವ ಹೂಬಳ್ಳಿಯ ಮೊಳಕೆ ನೋಡಿಯೇ, ದಂಟು ಕೆಂಪಗಿದ್ದರೆ ನೀಲಿ ಹೂ, ಬರೀ ಹಸಿರಿದ್ದರೆ ಬಿಳಿ ಹೂ ಎಂದು ಹೇಳಿಬಿಡುತ್ತಿದ್ದಳು. ಗಂಡ ತೀರಿಕೊಂಡ ಮೇಲೂ ಯಾರಿಗೂ ಹೆದರದೆ ಬದುಕಿದ ಕುರುಗೋಡಿನ ಗಟ್ಟಿ ಹೆಂಗಸು ಎಂದು ಓಣಿಯವರು ಹೊಗಳುತ್ತಿದ್ದರು. ಹೊಗಳುವವರಿಗೇನು, 1951ರ ಮಳೆಗಾಲದಲ್ಲಿ ಅವಳು ಪಟ್ಟ ಹೆದರಿಕೆಯನ್ನು ಅವರು ಕಂಡಿರಲಿಲ್ಲ.

ಸಿರುಗುಪ್ಪಕ್ಕೆ ಕೊಟ್ಟಿದ್ದ ಮಗಳು ಪಕ್ಕೀರಮ್ಮ ಏಳು ತಿಂಗಳ ಬಸುರಿಯಾಗಿ ತವರಿಗೆ ಬಂದಿದ್ದಳು. ಹಿಂದೆ ಎರಡು ಸಲ ಬಸುರು ಇಳಿದಿತ್ತು. ಒಂದು ಸಂಜೆ ಮಗಳೊಡನೆ ಮಾತಾಡುತ್ತಲೇ ಉಚ್ಚೆಂಗೆಮ್ಮ ಆ ಬಳ್ಳಿಯ ಹನ್ನೆರಡು ಕರಿ ಬೀಜಗಳನ್ನು ಕಲ್ಲಿಗೆ ಉಜ್ಜಿ, ಬೇಗ ಮೊಳೆಯಲೆಂದು ತಂಬಿಗೆಯಲ್ಲಿ ನೆನೆಯಿಟ್ಟಳು. ಪಕ್ಕದ ತಂಬಿಗೆಯಲ್ಲಿ ಮಗಳ ಉಷ್ಣಕ್ಕೆ ಮೆಂತ್ಯ ನೆನೆಯುತ್ತಿತ್ತು.

ಬೆಳಗ್ಗೆ ತೋಟದಿಂದ ಬಂದು ನೋಡಿದರೆ ಮೆಂತ್ಯದ ತಂಬಿಗೆ ತುಂಬಿತ್ತು, ಬೀಜದ್ದು ಖಾಲಿ. ಮಗಳು ನಸುಕಿನಲ್ಲಿ ಮೆಂತ್ಯದ್ದೆಂದು ಅದನ್ನೇ ಎತ್ತಿ ಕುಡಿದು, ತಳದಲ್ಲಿ ಉಳಿದದ್ದನ್ನು ತಿಪ್ಪೆಗೆ ಚೆಲ್ಲಿದ್ದಳು. ಅದು ಹಕೀಮರು ಭೇದಿ ಮಾಡಿಸಲು ಕೊಡುವ ಬೀಜ, ಬಸುರಿಯ ಹತ್ತಿರ ಸುಳಿಯಬಾರದು ಎಂದು ಹಳೆಯ ಮಾಲಿ ಹೇಳಿದ್ದು ನೆನಪಾಗಿ ಉಚ್ಚೆಂಗೆಮ್ಮ ಹಿತ್ತಲಿಗೆ ಓಡಿದಳು. ಎಷ್ಟು ಬೀಜ ಹೊಟ್ಟೆಗೆ ಹೋದವೋ! ತಿಪ್ಪೆ ಕೆದಕಿದಳು, ಕರಿ ಗೊಬ್ಬರದಲ್ಲಿ ಕರಿ ಬೀಜ ಸಿಕ್ಕೀತೇ? ಹೇಳಿದರೆ ಮಗಳು ಹೆದರಿಯೇ ಹೋದಾಳೆಂದು ಬಾಯಿ ಬಿಡಲಿಲ್ಲ. ಮಧ್ಯಾಹ್ನ ಮಗಳಿಗೆ ಹೊಟ್ಟೆ ನುಲಿಯಿತು. ನಿನ್ನೆಯ ಬದನೆಕಾಯಿ ಇರಬೇಕು ಎಂದಳು. ತಾಯಿ ಹೌದೆಂದು, ಗೋಡೆಯ ಮರೆಗೆ ಹೋಗಿ ದುರುಗಮ್ಮನಿಗೆ ಹರಕೆ ಹೊತ್ತಳು.

ಐದನೆಯ ದಿನ ತಿಪ್ಪೆಯಲ್ಲಿ ಎತ್ತಿನ ಗೊರಸಿನಂತೆ ಸೀಳಿದ ಎಲೆಜೋಡಿಗಳು ಕಂಡವು. ವಾರದೊಳಗೆ ಹನ್ನೊಂದಾದವು. ಹನ್ನೆರಡನೆಯದು ಬರಲಿಲ್ಲ, ಅದು ಮಗಳ ಹೊಟ್ಟೆಗೇ ಹೋಗಿರಬೇಕು. ಒಂದು ಬೀಜಕ್ಕೆ ಏನಾದೀತೆಂದು ನೀವು ಕೇಳಬಹುದು. ಎರಡು ಸಲ ಮಗಳ ಬರಿ ಮಡಿಲು ಕಂಡವಳನ್ನು ಕೇಳಬೇಕು. ದಿನಾ ಎಣಿಸುವಳು, ಹನ್ನೊಂದೇ. ಮಗಳು ಮಗ್ಗುಲು ಬದಲಿಸಿದರೂ ತಾಯಿ ಎದ್ದು ಕೂರುತ್ತಿದ್ದಳು.

ತಿಂಗಳಾಗುತ್ತ ಬಂದಾಗ, ಮಳೆ ಹನಿದ ಮರುದಿನ, ಮೂಲೆಯಲ್ಲೊಂದು ಮೊಳಕೆ ಎದ್ದಿತ್ತು. ಎಲೆಗೆ ಅಂಟಿದ್ದ ಸಿಪ್ಪೆ ಬಿಡಿಸಿ ನೋಡಿದಳು. ಕಲ್ಲಿಗೆ ಉಜ್ಜಿದ ಗುರುತೇ ಇರಲಿಲ್ಲ. ಆ ಸಂಜೆ ಮಾತಿನ ಭರದಲ್ಲಿ ಒಂದನ್ನು ಹಾಗೆಯೇ ನೀರಿಗೆ ಹಾಕಿದ್ದಳು. ಗಟ್ಟಿ ಸಿಪ್ಪೆ ಒಡೆಯಲು ಇಷ್ಟು ದಿನ ಹಿಡಿದಿತ್ತು. ತಿಪ್ಪೆಯ ಬದಿಯಲ್ಲೇ ಕುಸಿದು ಕೂತು ಅತ್ತುಬಿಟ್ಟಳು.

ಹಿಂದೆ ಮಗಳು ಬಂದು ನಿಂತದ್ದು ತಿಳಿದು ಕಣ್ಣೊರೆಸಿಕೊಂಡಳು. "ದಂಟು ಕೆಂಪೈತಿ. ನೀಲಿ ಹೂವು," ಎಂದಷ್ಟೇ ಹೇಳಿದಳು.

ಪಕ್ಕೀರಮ್ಮ ಮೆಲ್ಲಗೆ ಪಕ್ಕದಲ್ಲಿ ಕೂತಳು. "ಹನ್ನೆರಡಾತಲ್ಲವ್ವಾ," ಎಂದಳು. "ಆ ನೀರು ಮೆಂತ್ಯದಂಗ ಕಹಿ ಇರಲಿಲ್ಲ. ಕುಡದಾದ ಮ್ಯಾಲೆ ಗೊತ್ತಾತು. ನೀ ಹೆದರ್ತಿ ಅಂತ ಹೇಳಲಿಲ್ಲ. ನೀ ತೋಟಕ್ಕ ಹೋದ ಮ್ಯಾಲೆ ನಾನೂ ದಿನಾ ಬಂದು ಎಣಸ್ತಿದ್ದೆ."