ಇನ್ನಾಸಪ್ಪ ಸ್ವಾಮಿಗಳ ಜಗಲಿ

ಇನ್ನಾಸಪ್ಪ ಸ್ವಾಮಿಗಳು ಚರ್ಚಿನೊಳಗೆ ಚಪ್ಪಲಿ ಮೆಟ್ಟಿದ್ದನ್ನು ನಾನು ಕಾಣೆ. ಹೊರಗೆ ಕಾಲು ತೊಳೆದು, ನಿಲುವಂಗಿಯ ಅಂಚಿನಿಂದಲೇ ಒರೆಸಿಕೊಂಡು ಒಳಗೆ ಹೋಗುವರು. ಮೈಸೂರಿನಿಂದ ಬಂದ ಹಿರಿಯ ಗುರುಗಳ ಬೂಟನ್ನೂ ಒಮ್ಮೆ ನಗುನಗುತ್ತಲೇ ಬಿಚ್ಚಿಸಿದ್ದರು.

ತಾಳವಾಡಿ ಸೀಮೆಯ ನಮ್ಮ ಊರಿಗೆ ಅವರು ಪಾದ್ರಿಯಾಗಿ ಬಂದದ್ದು ಐವತ್ತರ ದಶಕದ ಮೊದಲಲ್ಲಿ. ಮಕ್ಕಳಿಗೆ ಜಪ ಕಲಿಸುವ ಉಪದೇಶಿ ನಾನು. ಹೊಸ ಚರ್ಚಿಗೆಂದು ಬಂದ ಚೂಪುಗೋಪುರದ ನಕ್ಷೆಯನ್ನು ಅವರು ಮಡಿಸಿಟ್ಟುಬಿಟ್ಟರು.

"ಏಸುಸ್ವಾಮಿ ನಮ್ಮೂರ್ಗೆ ಬಂದ್ಮೇಲೆ ನಮ್ಮೂರ್ ಮನೇಲೇ ಇರ್ಬೇಕು ಕಣಪ್ಪಾ."

ಹಾಗೇ ಕಟ್ಟಿಸಿದರು. ನಾಡಹೆಂಚಿನ ಮಾಡು, ತಾವರೆ ಕೆತ್ತಿದ ಕಲ್ಲುಕಂಬ, ಸೀರೆಯುಟ್ಟ ದೇವಮಾತೆಯ ಮೂರ್ತಿ, ಅಂಗಳದಲ್ಲಿ ದೀಪದ ಕಂಬ. ಬಾಗಿಲ ಎರಡೂ ಕಡೆ ಅಗಲವಾದ ಜಗಲಿ.

ಹಳೆಯ ಹುಲ್ಲುಮಾಡಿನ ಚರ್ಚಿನಲ್ಲಿ ಎಲ್ಲರೂ ಒಟ್ಟಿಗೇ ಚಾಪೆಯ ಮೇಲೆ ಕೂರುತ್ತಿದ್ದೆವು. ಹೊಸದರ ಮೊದಲ ಭಾನುವಾರ ಹೊಲಮನೆಯಿದ್ದವರು ಒಳಗೆ ಹೋದರು, ಕೂಲಿಯವರು ಜಗಲಿಯಲ್ಲೇ ಕುಳಿತರು. ಆ ಕಟ್ಟಡಕ್ಕೆ ಕಲ್ಲು ಹೊತ್ತ ಚೌರಮ್ಮನೂ ಅಲ್ಲೇ ಇದ್ದಳು.

"ಒಳಕ್ಕೆ ಬಾವ್ವ," ಎಂದರು ಸ್ವಾಮಿಗಳು.

ಅವಳ ಮುಖ ಅರಳಿತ್ತು. "ಇರ್ಲಿ ಬುಡಿ ಬುದ್ಧಿ. ಗೌಡ್ರ ಮನೇಲಿ ನಾವು ಜಗ್ಲಿ ಮುಟ್ಟಂಗಿಲ್ಲ. ಇಲ್ಲಿ ಜಗ್ಲಿ ಮ್ಯಾಲೇ ಜಾಗ ಮಾಡ್ಸಿದ್ದೀರಲ್ಲ, ಒಟ್ಟೆ ತುಂಬೋಯ್ತು."

ಅಂದು ಸ್ವಾಮಿಗಳು ಊಟ ಮುಟ್ಟಲಿಲ್ಲ. "ಊರಿನ್ ಮನೆ ಕಟ್ತೀನಿ ಅಂತ ಊರಿನ್ ಪಾಪಾನೂ ಕಟ್ಬುಟ್ನಲ್ಲಪ್ಪಾ," ಎನ್ನುತ್ತಿದ್ದರು. ಮರುದಿನ ಬೆಳಗ್ಗೆ ತಾವೇ ಹಾರೆ ಹಿಡಿದು ಜಗಲಿ ಕೆಡವಿದರು.

ಮುಂದಿನ ಭಾನುವಾರ ಚೌರಮ್ಮ ಬಿದ್ದ ಕಲ್ಲುಗಳ ಮುಂದೆ ಅಳುತ್ತ ನಿಂತಿದ್ದಳು. "ನಾವೇನ್ ತಪ್ ಮಾಡ್ದೊ ಬುದ್ಧಿ? ನಮ್ ಜಾಗವ ಯಾಕ್ ಕಿತ್ತಾಕ್ಬುಟ್ರಿ?"

ಸ್ವಾಮಿಗಳು ಅವಳಿಗೆ ಕೈಮುಗಿದರು. "ತಪ್ಪು ನಂದು ಕಣವ್ವ." ಕೈ ಹಿಡಿದು ಒಳಗೆ ಕರೆತಂದರು. ಒಳಗಿದ್ದ ಕೆಲವರು ಎದ್ದು ಹೋದರು. ಸ್ವಾಮಿಗಳು ತಿರುಗಿ ನೋಡಲಿಲ್ಲ.

ಸ್ವಾಮಿಗಳು ವರ್ಗವಾಗಿ ಹೋದ ಕೆಲವು ವರ್ಷಗಳ ಮೇಲೆ ಮೈಸೂರಿನಲ್ಲಿ ಅವರನ್ನು ಕಂಡೆ. ಹಾಸಿಗೆ ಹಿಡಿದಿದ್ದರು. ಊರಿನ ಮಳೆಬೆಳೆ ಕೇಳಲಿಲ್ಲ.

"ಚೌರಮ್ಮ ಈಗ ಎಲ್ಲಿ ಕೂತ್ಕತಾಳೆ?"

"ಒಳಗೇ, ಸ್ವಾಮಿ."

"ಒಳಗೆ ಅಂದ್ರೆ?"

"ಬಾಗ್ಲು ಪಕ್ಕ."

"ನೀನು?"

"ಮುಂದೆ... ಪೀಠದ ಅತ್ರ."

ಕಣ್ಣು ಮುಚ್ಚಿಕೊಂಡರು. "ಅವಳ ಪಕ್ಕ ಕೂತ್ಕೊಳ್ಳಪ್ಪ," ಎಂದರು, ಭಿಕ್ಷೆ ಬೇಡುವವರಂತೆ.

ಅವರು ತೀರಿಕೊಂಡ ಸುದ್ದಿ ಬಂದ ಭಾನುವಾರ ನಾನು ಹೋಗಿ ಚೌರಮ್ಮನ ಪಕ್ಕ ಕುಳಿತೆ. ಅವಳು ಗಾಬರಿಯಿಂದ ಸೆರಗು ಒಟ್ಟುಮಾಡಿಕೊಂಡು, ನನಗೆ ಜಾಗ ಬಿಟ್ಟು, ಹೊಸ್ತಿಲಾಚೆಗೆ ಸರಿದಳು.